ಐತಿ ಅಂದರೆ ಮುಂದಕ್ಕೆ

ಸತ್ಯವ್ವ ಆಸ್ಪತ್ರೆಯಿಂದ ಮನೆಗೆ ಬಂದ ಐದನೆಯ ದಿನ ಬೆಳಿಗ್ಗೆ ಅಡಿವೆಪ್ಪನ ಮುಂದೆ ರೊಟ್ಟಿಯ ತಾಟು ಇಟ್ಟು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಬಾಗಿಲ ಮರೆಗೆ ಸರಿದು ನಿಂತಳು.

"ನೀವು ಉಣ್ರಿ. ನಾ ಆಮ್ಯಾಲೆ ಉಣ್ತೀನಿ. ಅವ್ರು ಬಂದು ನೋಡಿದ್ರ ಚಲೋ ಕಾಣೂದಿಲ್ಲ."

"ಅವ್ರಂದ್ರ ಯಾರು?"

"ನಮ್ಮ ಮನಿಯವ್ರು. ಅಡಿವೆಪ್ಪನವ್ರು."

ಐವತ್ತೆರಡು ವರ್ಷದ ಸಂಸಾರದಲ್ಲಿ ಸತ್ಯವ್ವ ಒಮ್ಮೆಯೂ ಗಂಡನ ಹೆಸರು ಹೇಳಿದವಳಲ್ಲ. ಅಡಿವೆಪ್ಪ ಮುರಿದ ರೊಟ್ಟಿಯನ್ನು ಹಾಗೇ ಕೈಯಲ್ಲಿ ಹಿಡಿದು ಕುಳಿತ.

"ಹಂಗಾರ ನಾ ಯಾರು?"

ಆಕೆ ಬಹಳ ಹೊತ್ತು ನೋಡಿದಳು. "ನೀವೂ ಅಡಿವೆಪ್ಪನವ್ರ. ಅದಕ್ಕ ನನಗ ನಾಚಿಕಿ ಬರೂದು. ಒಬ್ಬಾಕಿಗೆ ಇಬ್ಬರ ಜೋಡಿ ಮದಿವಿ ಮಾಡಿದ್ರಲ್ಲ ನಮ್ಮಪ್ಪ, ಹಿಂಗ್ಯಾಕ ಮಾಡಿದ್ರು ಅಂತ ಕೇಳಾಕ ಅವ್ರೂ ಇಲ್ಲ."

ಒಳಗೆ ರೊಟ್ಟಿ ತಟ್ಟುತ್ತಿದ್ದ ಮಗಳು ನೀಲವ್ವನಿಗೆ ನಗು ತಡೆಯಲಿಲ್ಲ. ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಸತ್ಯವ್ವ ಅತ್ತ ತಿರುಗಿ, "ಈಕಿ ಯಾರ ಮಗಳು? ನಿಮ್ಮಾಕಿನೋ, ಅವ್ರಾಕಿನೋ?" ಅಂದಾಗ ನೀಲವ್ವನ ನಗು ಅಳುವಾಯಿತು.

ಇಷ್ಟೇ ಆಗಿದ್ದರೆ ನಕ್ಕು ದಿನ ಕಳೆಯಬಹುದಿತ್ತು. ಆದರೆ ಸತ್ಯವ್ವನ ಚೊಚ್ಚಲ ಕೂಸು ಯಮನಪ್ಪ ಹನ್ನೊಂದು ತಿಂಗಳಿಗೇ ತೀರಿಕೊಂಡಿತ್ತು. ಆ ದುಃಖ ಐವತ್ತು ವರ್ಷ ಸವೆದು ಸವೆದು ಸಣ್ಣದಾಗಿತ್ತು. ಈಗ ಅದು ನಿನ್ನೆ ಮೊನ್ನೆಯದರ ಹಾಗೆ ಹೊಸದಾಗಿ ಬಂದಿತ್ತು, ಅದೂ ಎರಡು ಸಲ. ಮಧ್ಯಾಹ್ನ ಆಕೆ ಓಣಿಯ ತುದಿಯವರೆಗೆ ನಡೆದು ಹೋಗಿ, ಕಂಡವರನ್ನು ಹಿಡಿದು ಕೇಳುತ್ತಿದ್ದಳು: "ಒಂದು ಕೂಸಿನ ಮಣ್ಣು ಮಾಡಿದ್ದು ನಾ ನೋಡೀನಿ. ಇನ್ನೊಂದು ಕೂಸಿಂದು ಎಲ್ಲಿ ಮಾಡಿದ್ರಿ?"

ಎರಡು ವರ್ಷದ ಹಿಂದೆ ಮಿದುಳಿಗೆ ಏರಿದ ಜ್ವರ ಸತ್ಯವ್ವನ ನೆನಪನ್ನೆಲ್ಲ ಒರೆಸಿಕೊಂಡು ಹೋಗಿತ್ತು. ಗಂಡನಿಲ್ಲ, ಮಗಳಿಲ್ಲ, ತನ್ನ ಹೆಸರೂ ಇಲ್ಲ. ಆ ಹೊತ್ತಿಗೆ ಧಾರವಾಡದ ಹೊರಗೆ ಒಂದು ನೆನಪಿನ ಆಸ್ಪತ್ರೆ ಶುರುವಾಗಿತ್ತು. ನೆನಪು ಪೂರಾ ಸಾಯುವುದಿಲ್ಲ, ಅದಕ್ಕೆ ಹೋಗುವ ಎಳೆಗಳು ಕಡಿಯುತ್ತವೆ ಎಂದು ಅಲ್ಲಿಯವರು ಕಂಡುಹಿಡಿದಿದ್ದರು. ಮನೆಯವರು ಹೇಳಿದ ಸಂಗತಿಗಳನ್ನು ಒಂದೊಂದಾಗಿ ಯಂತ್ರಕ್ಕೆ ಕೊಟ್ಟರೆ, ತಲೆಗೆ ಹಾಕಿದ ಟೊಪ್ಪಿಗೆಯ ಮೂಲಕ ಅದು ಹೊಸ ಎಳೆ ಕಟ್ಟುತ್ತಿತ್ತು. ಎಷ್ಟೋ ಜನ ಎದ್ದು ಮನೆಗೆ ಹೋಗಿದ್ದರು.

ಸಂಗತಿಗಳ ಪಟ್ಟಿ ಕೊಡುವುದು ಅಡಿವೆಪ್ಪನಿಗೆ ಕಷ್ಟವೇ ಆಗಿರಲಿಲ್ಲ. ಅವನು ಹೆಳವ. ಬೇರೆಯವರ ವಂಶವನ್ನು ನೆನಪಿಡುವುದೇ ಅವನ ಕಸುಬು. ಒಕ್ಕಲು ಮನೆಗಳಿಗೆ ಹೋಗಿ, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ತನ್ನ ಹೊತ್ತಗೆಯಲ್ಲಿ ಬರೆದುಕೊಂಡು ಬರುತ್ತಿದ್ದ. ಅವನು ಸಾಲೆ ಕಲಿತದ್ದು ಎರಡು ವರ್ಷ. ಉಳಿದ ಅಕ್ಷರವೆಲ್ಲ ಅಪ್ಪನ ಹೊತ್ತಗೆ ನೋಡಿ ತಿದ್ದಿದ್ದು. ಎತ್ತಿನ ಮೇಲೆ ತಿರುಗುವ ಕಾಲ ಹೋಗಿ ಟಂಟಂ ಹತ್ತಿ ತಿರುಗುವ ಕಾಲ ಬಂದರೂ, ಇನ್ನೂರು ಮನೆತನಗಳು ಅವನ ತಲೆಯಲ್ಲಿದ್ದವು. ಹೆಂಡತಿಯ ತವರಿನಿಂದ ಮೊಮ್ಮಗನವರೆಗೆ ನಾನೂರ ಹನ್ನೆರಡು ಸಂಗತಿಗಳನ್ನು ಒಂದೇ ಕೂತಲ್ಲಿ ಬರೆಸಿ ಬಂದಿದ್ದ.

ಈಗ ಆ ಪಟ್ಟಿಯೇ ತಿರುಗಿ ಬಿದ್ದಿತ್ತು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರ್ ಹಂಪಿಹೊಳಿ ಅವನನ್ನು ಯಂತ್ರದ ಕೋಣೆಗೇ ಕರೆದುಕೊಂಡು ಹೋದರು. ಅಲ್ಲಿ ರೇಷ್ಮಾ ನದಾಫ್ ಕುಳಿತಿದ್ದಳು. ಯಂತ್ರ ಏನು ಮಾಡಬೇಕು ಎಂದು ಬರೆಯುವವಳು ಅವಳು. ಮೂವತ್ತರ ಹೆಣ್ಣುಮಗಳು, ನಿದ್ದೆಗೆಟ್ಟ ಕಣ್ಣು. ಅಡಿವೆಪ್ಪನನ್ನು ಕಂಡು ಎದ್ದು ನಿಂತಳು.

"ಅಜ್ಜಾರ, ಸುಳ್ಳು ಹೇಳೂದಿಲ್ಲ. ತಪ್ಪು ನಂದ ಐತಿ."

"ಕೂಡ್ರು ತಂಗಿ. ಏನಾತು ಅಂತ ಹೇಳು, ತಪ್ಪು ಯಾರದು ಅಂತ ಆಮ್ಯಾಲೆ ನೋಡೂಣು."

"ಯಂತ್ರಕ್ಕ ಕೊಡೂ ಆಜ್ಞಿ ಪಟ್ಟಿಗೆ ನಾವು ಸ್ಕ್ರಿಪ್ಟ್ ಅಂತೀವ್ರಿ. ನಿಮ್ಮ ನಾನೂರಾ ಹನ್ನೆರಡು ಸಂಗತಿಗೆ ನಾ ನಾನೂರಾ ಹನ್ನೆರಡು ಸಲ 'ಸೇರಿಸು' ಅಂತ ಬರದಿದ್ದೆ. ನೂರಾ ಎಂಬತ್ತಕ್ಕ ಬಂದಾಗ ಕರೆಂಟ್ ಹೋತು. ಬಂದ ಮ್ಯಾಲೆ ಮತ್ತ ಮೊದಲಿಂದ ಓಡಿಸಿದೆ. ಅದು ಮತ್ತ ಎಲ್ಲಾ ಸೇರಿಸ್ತು."

ಅಡಿವೆಪ್ಪ ಬೆರಳು ಮಡಚಲಿಲ್ಲ. ಕಣ್ಣು ಮುಚ್ಚಿ ತೆರೆದ. "ನೂರಾ ಎಂಬತ್ತನೇದು ಕೂಸಿನ ಮಣ್ಣು. ಅದು ಒಂದ ಸಲ, ಅದರ ಹಿಂದಿನವೆಲ್ಲ ಎರಡೆರಡು. ನೀಲವ್ವ ಹುಟ್ಟಿದ್ದು ಅದರ ಮುಂದ, ಅದಕ್ಕ ಆಕಿ ಒಬ್ಬಾಕೇ ಅದಾಳ." ಆಮೇಲೆ ಕೇಳಿದ: "ಅಲ್ಲ ತಂಗಿ, ಇದು ಆಗಲೇ ಐತೆಲ್ಲ ಅಂತ ಯಂತ್ರ ಯಾಕ ಕೇಳಲಿಲ್ಲ?"

"ಕೇಳು ಅಂತ ನಾ ಬರದಿಲ್ರಿ. ಹೇಳಿದಷ್ಟ ಮಾಡತೈತಿ ಅದು."

ಡಾಕ್ಟರು ಗಂಟಲು ಸರಿಮಾಡಿಕೊಂಡರು. ಅವರ ಬಳಿ ಒಂದೇ ಉಪಾಯವಿತ್ತು. "ಎರಡರೊಳಗ ಒಂದು ತಗೀಬೇಕಂದ್ರ ಯಾವುದು ಯಾವ ಎಳಿ ಅಂತ ಯಂತ್ರಕ್ಕ ಗೊತ್ತಾಗೂದಿಲ್ಲ. ಪೂರಾ ಬಿಚ್ಚಿ, ಮತ್ತ ಹೊಸದಾಗಿ ಕಟ್ಟೋಣ. ಆದ್ರ ಮೂರು ವಾರ ದಾಟಿದ್ರ ಎಳಿ ಬಲೀತಾವ, ಆಮೇಲೆ ಬಿಚ್ಚಲಿಕ್ಕೆ ಬರೂದಿಲ್ಲ. ಬರೂ ಗುರುವಾರ ಮಾಡಿಬಿಡೋಣ. ನೀವೊಂದು ಸಹಿ ಮಾಡಬೇಕು."

"ಪಟ್ಟಿಯೊಳಗ ಇಲ್ಲದ್ದು?"

"ಅದು ಹೋಗ್ತದ."

"ಆಕಿ ಹತ್ರ ಆಕಿದ ಅಂತ ಉಳದದ್ದು?"

"ಏನು ಉಳದದ ಅಂತ ನಮಗೂ ಗೊತ್ತಿಲ್ಲ, ಆಕಿಗೂ ಗೊತ್ತಿಲ್ಲ. ಉಳದಿದ್ರ ಅದೂ ಹೋಗ್ತದ ಅಡಿವೆಪ್ಪ, ಸುಳ್ಳ ಯಾಕ ಹೇಳ್ಲಿ."

ಕಾಗದ ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡು ಅಡಿವೆಪ್ಪ ಬಸ್ಸು ಹತ್ತಿದ. ನಾನೂರ ಹನ್ನೆರಡು ಸಂಗತಿ ಕೊಟ್ಟಾಗ ಅವನಿಗೆ ಹೆಮ್ಮೆಯಾಗಿತ್ತು. ಈಗ ಲೆಕ್ಕ ಬೇರೆಯಾಗಿ ಕಂಡಿತು. ವರ್ಷದಲ್ಲಿ ಎಂಟು ತಿಂಗಳು ಅವನು ಊರೂರು ತಿರುಗುವವನು. ಹೆಂಡತಿ ಮನೆಯಲ್ಲಿ ಒಬ್ಬಳೇ ಕಳೆದ ದಿನಗಳಲ್ಲಿ ಅವನ ಪಟ್ಟಿಗೆ ಬಂದದ್ದು ಎಷ್ಟು?

"ಸಹಿ ಮಾಡಿಬಿಡಪ್ಪಾ," ಅಂದಳು ನೀಲವ್ವ. "ದಿನಾ ಎರಡು ಕೂಸಿನ ಸಲುವಾಗಿ ಅಳೂದು ನನ್ನ ಕಣ್ಣೀಲೆ ನೋಡಾಕ ಆಗೂದಿಲ್ಲ. ಸಣ್ಣ ಪುಟ್ಟ ಹೋದ್ರ ಹೋಗವಲ್ದ್ಯಾಕ."

"ಯಾವುದು ಸಣ್ಣದು, ಯಾವುದು ಪುಟ್ಟದು ಅಂತ ಹೇಳಾವ್ರು ಯಾರು?"

"ಹಂಗಾರ ನೀನ ಒಂದು ದಾರಿ ಹುಡುಕು. ನಿನ್ನ ಹೊತ್ತಗಿಯೊಳಗ ಎಲ್ಲಾ ಐತೆಲ್ಲ!"

ಆಕೆ ಸಿಟ್ಟಿನಲ್ಲಿ ಹೇಳಿದ್ದು. ಆದರೂ ಅಡಿವೆಪ್ಪ ಹೊತ್ತಗೆಯ ಗಂಟು ಬಿಚ್ಚಿ ಪಡಸಾಲೆಯಲ್ಲಿ ಕುಳಿತ. ಓದಲಿಲ್ಲ, ಸುಮ್ಮನೆ ಹಾಳೆ ತಿರುವಿದ. ಒಂದು ಹಾಳೆಯ ಅಂಚು ಸುಟ್ಟಿತ್ತು. ಅದನ್ನು ಕಂಡು ಅವನ ಕೈ ನಿಂತಿತು.

ಆಗ ಅವನಿಗೆ ಒಂಬತ್ತು ವರ್ಷ. ಅಪ್ಪನ ಜೊತೆ ಒಂದು ಒಕ್ಕಲು ಮನೆಗೆ ಹೋಗಿದ್ದ. ಅಪ್ಪ ವಂಶ ಹೇಳುತ್ತ ಅರ್ಧಕ್ಕೆ ಬಂದಿದ್ದಾಗ ಹಿತ್ತಲ ಬಣವೆಗೆ ಬೆಂಕಿ ಹತ್ತಿ, ಕಿಡಿ ಹಾರಿ, ಊರೆಲ್ಲ ಓಡಾಡಿ, ಓದು ಅಲ್ಲಿಗೇ ನಿಂತಿತು. ಮರುದಿನ ಅಪ್ಪ ಮತ್ತೆ ಮೂಲಪುರುಷನಿಂದಲೇ ಶುರು ಮಾಡಿದ. ಮನೆಯ ಹಿರಿಯ ಬೇಸತ್ತು, "ನಿನ್ನೆ ಅರ್ಧ ಹೇಳಿದ್ರೆಲ್ಲ, ಅಲ್ಲಿಂದ ಹಿಡೀರಿ ಮಾರಾಯ್ರ" ಅಂದ. ಅಪ್ಪ ನಕ್ಕು ಹೇಳಿದ್ದು ಇದು: "ಎಲ್ಲಿ ಬಿಟ್ಟೀನಿ ಅನ್ನೂದು ನನಗೂ ಅನುಮಾನ, ನಿಮಗೂ ಅನುಮಾನ. ಮೊದಲಿಂದ ಹೇಳಿದ್ರ ಏನ ಕೆಡ್ತು? ನೀವು ಐತಿ ಅಂದ್ರ ಮುಂದ ಹೋಗ್ತೀನಿ. ಇಲ್ಲ ಅಂದ್ರ ಬರಕೋತೀನಿ."

ಹೆಳವರ ಓದೇ ಹಾಗೆ. ಒಂದು ಹೆಸರು ಹೇಳಿ ನಿಲ್ಲಬೇಕು. ಮನೆಯವರು 'ಐತಿ' ಅನ್ನಬೇಕು. ಅಂದಮೇಲೆ ಮುಂದಿನ ಹೆಸರು. ಅಪ್ಪನೂ ಚಿಕ್ಕಪ್ಪನೂ ಒಂದೇ ವರ್ಷ ಒಂದೇ ಮನೆಗೆ ತಿಳಿಯದೆ ಹೋಗಿ ಬಂದದ್ದುಂಟು. ಆದರೂ ಯಾವ ಮನೆಯಲ್ಲೂ ಒಂದು ಕೂಸು ಎರಡಾಗಿ ಬೆಳೆಯಲಿಲ್ಲ.

ಬೆಳಗಾಗುತ್ತಲೇ ಅಡಿವೆಪ್ಪ ಹೊತ್ತಗೆ ಬಗಲಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದ. ಅವನು ಹೇಳಿ ಮುಗಿಸುವ ಮೊದಲೇ ರೇಷ್ಮಾ ಹಣೆಗೆ ಕೈ ಹಚ್ಚಿಕೊಂಡಳು.

"ಅಜ್ಜಾರ, ಇದ ನಾ ಮೊದಲ ದಿನ ಮಾಡಬೇಕಿತ್ತು. ಮೊದಲು ಕೇಳೂದು, ಇಲ್ಲಂದ್ರ ಮಾತ್ರ ಸೇರ್ಸೂದು. ಹಂಗ ಬರದ್ರ ಹತ್ತು ಸಲ ಓಡಿಸಿದ್ರೂ ಒಂದು ಸಲ ಓಡಿಸಿದಂಗ!" ಆಕೆ ಆಗಲೇ ಕೀಲಿಮಣೆಯ ಮೇಲೆ ಬೆರಳು ಓಡಿಸುತ್ತಿದ್ದಳು.

"ನಿಂದ್ರು, ನಿಂದ್ರು. ಐತೋ ಇಲ್ಲೋ ಅನ್ನೂದು ಅದು ಹೆಂಗ ಗುರುತು ಹಿಡೀತೈತಿ?"

"ಹೆಸರು ನೋಡಿ."

ಅಡಿವೆಪ್ಪ ಎಷ್ಟೋ ದಿನದ ಮೇಲೆ ಬಾಯಿ ತುಂಬ ನಕ್ಕ. "ಯವ್ವಾ, ನಮ್ಮ ಮನ್ಯಾಗ ಯಮನಪ್ಪ ಅಂತ ಎಷ್ಟ ಮಂದಿ ಅಂತ ತಿಳಕೊಂಡಿ? ನಮ್ಮಪ್ಪ ಯಮನಪ್ಪ. ಅವನ ಹೆಸರು ನನ್ನ ಸತ್ತ ಕೂಸಿಗೆ. ಆ ಕೂಸಿನ ಹೆಸರು ನೀಲವ್ವನ ಮಗಗ. ಹೆಸರು ನೋಡಿ ಐತಿ ಅಂತ ಬಿಟ್ಟಿ ಅಂದ್ರ, ಮಾವ ಒಬ್ಬ ಉಳೀತಾನ, ಮಗಾ ಮೊಮ್ಮಗಾ ಇಬ್ರೂ ಗಾಯಬ್!"

ರೇಷ್ಮಾಳ ಬೆರಳು ನಿಂತಿತು. "ನಮ್ಮ ಮನ್ಯಾಗೂ ಮೂರು ಹುಸೇನ್‌ಸಾಬ ಅದಾರ್ರಿ. ನನಗ ಹೊಳೀಬೇಕಿತ್ತು. ನೀವು ಹೆಂಗ ಗುರುತು ಹಿಡೀತೀರಿ?"

"ಯಾರ ಹೊಟ್ಟೀದು, ಎಷ್ಟನೇದು. ಇವೆರಡು ಹೇಳಿದ್ರ ಜಗತ್ತಿನ್ಯಾಗ ಅಂಥಾದ್ದು ಇನ್ನೊಂದಿಲ್ಲ. ಹೆಸರು ಕರಿಯಾಕಷ್ಟ."

ಆಕೆ ಅದನ್ನು ಹಾಗೆಯೇ ಬರೆದಳು. ಮದುವೆ, ಸಾವು, ಹೊಲ, ಮನೆ, ಪ್ರತಿಯೊಂದು ಸಂಗತಿಗೂ ಇನ್ನೊಂದಕ್ಕೆ ಬಾರದ ಒಂದು ಗುರುತು. ಉಳಿದದ್ದು ಆಗಲೇ ಎರಡಾಗಿದ್ದವುಗಳ ಮಾತು. ಅವನ್ನು ಅಳಿಸುವುದು ಬೇಡ ಎಂದು ಅಡಿವೆಪ್ಪ ಪಟ್ಟು ಹಿಡಿದ. ಕೊನೆಗೆ ದಾರಿ ತೋರಿಸಿದವರು ಡಾಕ್ಟರು. ಎರಡು ಕಣ್ಣಿಗೆ ಬೇರೆ ಬೇರೆ ಕಂಡದ್ದನ್ನು ಮಿದುಳು ಒಂದೇ ನೋಟ ಮಾಡಿಕೊಳ್ಳುವುದಿಲ್ಲವೇ? ಒಂದೇ ಗುರುತಿನ ಎರಡು ಎಳೆ ಸಿಕ್ಕರೆ ಎರಡಕ್ಕೂ ಗಂಟು ಹಾಕಿದರಾಯಿತು. ಆಗಲೇ ಗಂಟು ಬಿದ್ದಿದ್ದರೆ ಮುಟ್ಟಬಾರದು.

ನಾಲ್ಕು ದಿನ ಯಂತ್ರದೊಳಗಿದ್ದ ಸತ್ಯವ್ವನ ನೆನಪಿನ ನಕಲಿನ ಮೇಲೆ ಓಡಿಸಿದರು. ಒಮ್ಮೆ ಓಡಿಸಿದರೆ ನಾನೂರ ಹನ್ನೆರಡು. ಹತ್ತು ಸಲ ಓಡಿಸಿದರೂ ಅಷ್ಟೇ. ನಡುವೆ ಬೇಕಂತಲೇ ವೈರು ಕಿತ್ತು ಮತ್ತೆ ಓಡಿಸಿದರೂ ಅಷ್ಟೇ. ರೇಷ್ಮಾ ಪ್ರತಿ ಸಲವೂ ಸಂಖ್ಯೆಯನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದಳು. "ಸಾಕು ಬಿಡ ತಂಗಿ, ಅದಕ್ಕೂ ಬ್ಯಾಸರಾಗಿರ್ಬೇಕು" ಅಂದ ಅಡಿವೆಪ್ಪ.

"ನಕಲಿಗೆ ಜೀವ ಇಲ್ಲ," ಅಂದರು ಡಾಕ್ಟರು. "ಒಳಗ ಐತೋ ಇಲ್ಲೋ ಅನ್ನೂದು ಸತ್ಯವ್ವನ ಮನಸ್ಸು ಹೇಳಬೇಕು. ಯಾರರ ದನಿಯೊಳಗ ಕೇಳಿದಾಗ ಆಕಿಗೆ ಗುರುತು ಹತ್ತಿದ್ರ ಪರದೆ ಮೇಲೆ ದೀಪ ಹತ್ತತದ. ಯಂತ್ರದ ದನಿಗೆ ಆಕಿ ಕಿವಿನೇ ಕೊಡೂದಿಲ್ಲ." ಅವರು ಅಡಿವೆಪ್ಪನತ್ತ ನೋಡಿದರು. "ಒಂದು ಮಾತು. ಇದು ಕೆಟ್ಟರ ಗುರುವಾರ ಬಿಚ್ಚೂದ. ಬ್ಯಾರೆ ದಾರಿ ಇಲ್ಲ."

ಬುಧವಾರ ಹನ್ನೊಂದು ಗಂಟೆಗೆ ಸತ್ಯವ್ವನನ್ನು ಕುರ್ಚಿಯಲ್ಲಿ ಕೂರಿಸಿ ಟೊಪ್ಪಿಗೆ ಹಾಕಿದರು. ಅಡಿವೆಪ್ಪ ಅಪ್ಪನ ಕಾಲದ ರುಮಾಲು ಸುತ್ತಿಕೊಂಡು, ಹೊತ್ತಗೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕುಳಿತ. ಆಕೆ ಅವನನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ಹೆಳವರು ಬಂದಾರೇನು? ಬರ್ರಿ, ಬರ್ರಿ. ಚಾ ಕುಡದು ಹೇಳೀರಂತ."

"ಚಾ ಆಮ್ಯಾಲಾಗ್ಲಿ, ತಾಯಿ. ಮೊದಲು ನಿಮ್ಮ ಮನಿತನ ಹೇಳ್ತೀನಿ. ಐತಿ ಅಂದ್ರ ಮುಂದ ಹೋಗೂದು."

ಅವನು ಶುರು ಮಾಡಿದ. ಸತ್ಯವ್ವನ ತಂದೆ ಲಗಮಪ್ಪ. "ಐತಿ." ತಾಯಿ ಬಾಳವ್ವ. "ಐತಿ." ಬಾಳವ್ವನ ಹೊಟ್ಟೀಲೆ ಮೊದಲನೆಯಾಕಿ ತಂಗೆವ್ವ. "ಐತಿ." ಪರದೆಯ ಮೇಲೆ ಪ್ರತಿ ಹೆಸರಿಗೂ ಎರಡೆರಡು ದೀಪ ಹತ್ತುತ್ತಿದ್ದವು. ನೋಡುತ್ತಿದ್ದಂತೆ ಎರಡೂ ಸರಿದು ಒಂದಾಗುತ್ತಿದ್ದವು. ರೇಷ್ಮಾ ಎಣಿಸುತ್ತಿದ್ದಳು.

"ಬಾಳವ್ವನ ಹೊಟ್ಟೀಲೆ ಮೂರನೆಯಾಕಿ ಸತ್ಯವ್ವ. ಆಕಿನ್ನ ಕೊಟ್ಟದ್ದು ಯಮನಪ್ಪ ಹೆಳವನ ಎರಡನೇ ಮಗ..." ಅಡಿವೆಪ್ಪ ಹೊತ್ತಗೆಯಿಂದ ತಲೆ ಎತ್ತಿದ. "...ಅಡಿವೆಪ್ಪಗ."

ಸತ್ಯವ್ವ ಬಾಯಿ ತೆರೆದಳು. ಅಷ್ಟರಲ್ಲಿ ಫಟ್ ಎಂದು ಸದ್ದಾಗಿ ದೀಪ, ಪಂಖ, ಪರದೆ ಎಲ್ಲ ಆರಿಹೋದವು. ಕರೆಂಟಿನ ಹಿಂದೆಯೇ ಬ್ಯಾಟರಿಯೂ ಕೈಕೊಟ್ಟಿತ್ತು.

ಕಿಟಕಿಯ ಬೆಳಕಿನಲ್ಲಿ ಸತ್ಯವ್ವ ಕಣ್ಣು ಮುಚ್ಚಿ ಕುಳಿತಿದ್ದಳು. ಕಾಲು ಗಂಟೆಯ ಮೇಲೆ ಯಂತ್ರ ಮತ್ತೆ ಗುಂಯ್ ಎಂದಾಗ ಡಾಕ್ಟರು ಮೆಲ್ಲಗೆ ಕೇಳಿದರು: "ಮದುವಿ ಗಂಟು ಬಿದ್ದಿತ್ತೇನು?"

"ಗೊತ್ತಿಲ್ರಿ. ಬಿದ್ದಿತ್ತೋ, ಅರ್ಧ ಬಿದ್ದಿತ್ತೋ." ರೇಷ್ಮಾ ಗುಂಡಿಯ ಮೇಲೆ ಬೆರಳಿಟ್ಟು ಮತ್ತೆ ತೆಗೆದಳು. ಹೋದ ಸಲವೂ ಹೀಗೆಯೇ ಕರೆಂಟ್ ಬಂದಿತ್ತು, ಇದೇ ಗುಂಡಿಯನ್ನು ಇದೇ ಬೆರಳು ಒತ್ತಿತ್ತು. "ಎಲ್ಲಿಗೆ ನಿಂತೈತಿ ಅಂತ ಹುಡುಕಿ, ಅಲ್ಲಿಂದ..."

"ಹುಡುಕಬ್ಯಾಡ," ಅಂದ ಅಡಿವೆಪ್ಪ. "ಮೊದಲಿಂದ ಹಿಡಿ."

"ಅಜ್ಜಾರ, ನನಗ ಅಂಜಿಕಿ ಬರಾಕತ್ತೈತಿ."

"ನನಗೂ ಬರಾಕತ್ತೈತಿ. ಒತ್ತು."

ಆಕೆ ಒತ್ತಿದಳು. ಲಗಮಪ್ಪ. "ಐತಿ." ಒಂದೇ ದೀಪ. ಬಾಳವ್ವ. "ಐತಿ." ಒಂದೇ ದೀಪ. ತಂಗೆವ್ವ, ಅದರ ಹಿಂದೆ ಅಣ್ಣ, ಅಜ್ಜಿ, ಸೋದರತ್ತೆ, ಬಾವಿಯ ಹೊಲ. ಯಾವುದೂ ಮೂರಾಗಲಿಲ್ಲ, ಯಾವುದೂ ಎರಡಕ್ಕೆ ಮರಳಲಿಲ್ಲ. ಅಡಿವೆಪ್ಪ ಪರದೆಯತ್ತ ನೋಡುವುದನ್ನು ಬಿಟ್ಟು ಹೆಂಡತಿಯ ಮುಖವನ್ನಷ್ಟೇ ನೋಡುತ್ತ ಹೇಳಿದ: "ಸತ್ಯವ್ವ. ಆಕಿನ್ನ ಕೊಟ್ಟದ್ದು ಯಮನಪ್ಪ ಹೆಳವನ ಎರಡನೇ ಮಗ ಅಡಿವೆಪ್ಪಗ. ಐತೇನ್ರಿ?"

ಪರದೆಯ ಮೇಲೆ ಎರಡು ದೀಪ ಹತ್ತಿದವು. ರೇಷ್ಮಾ ಕುರ್ಚಿಯ ಕೈ ಹಿಡಿದಳು. ಎರಡೂ ಸರಿದವು. ಒಂದಾದವು.

ಸತ್ಯವ್ವ ಕಣ್ಣು ಬಿಟ್ಟು, ಕೆಳಗೆ ಕುಳಿತವನನ್ನು ರುಮಾಲಿನಿಂದ ಪಾದದವರೆಗೆ ನೋಡಿದಳು.

"ಐತೇನ್ರಿ ಮನಿಯವ್ರ?" ಅವನು ಮತ್ತೆ ಕೇಳಿದ.

"ಐತಿ, ಐತಿ! ಎಷ್ಟ ಸಲ ಮದಿವಿ ಮಾಡಿಸ್ತೀರಿ? ಮುಂದ ಹೋಗ್ರಿ." ಆಮೇಲೆ ದನಿ ಇಳಿಸಿ, "ಮಂದಿ ಮುಂದ ನನ್ನ ತಾಯಿ ಅಂತ ಕರದ್ರಿ, ನಾಚಿಕಿ ಬರಲಿಲ್ಲೇನು ನಿಮಗ?" ಅಂದಳು.

ಡಾಕ್ಟರು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ರೇಷ್ಮಾ ಮುಖವನ್ನು ದುಪ್ಪಟ್ಟಾದಲ್ಲಿ ಮುಚ್ಚಿಕೊಂಡಿದ್ದಳು, ಭುಜ ಮಾತ್ರ ಕುಲುಕುತ್ತಿತ್ತು. ಅಡಿವೆಪ್ಪನಿಗೆ ಎದ್ದು ಹೊರಗೆ ಹೋಗಿ ಜೋರಾಗಿ ಕೂಗಬೇಕೆನಿಸಿತು. ಆದರೆ ಹೆಳವ ಓದನ್ನು ಅರ್ಧಕ್ಕೆ ಬಿಟ್ಟು ಏಳುವಂತಿಲ್ಲ.

"ಸತ್ಯವ್ವನ ಹೊಟ್ಟೀಲೆ ಮೊದಲನೇದು ಯಮನಪ್ಪ. ಹನ್ನೊಂದು ತಿಂಗಳಿಗೆ ತೀರ್ಕೊಂತು. ಐತೇನ್ರಿ?"

ಎರಡು ದೀಪ, ಸರಿದು ಒಂದು. ಸತ್ಯವ್ವನ ಕಣ್ಣಿನಿಂದ ನೀರು ಇಳಿಯಿತು. ಓಣಿಯಲ್ಲಿ ಹುಡುಕಿಕೊಂಡು ಅತ್ತ ಅಳುವಲ್ಲ ಅದು. ಅವನಿಗೆ ಗೊತ್ತಿದ್ದ ಹಳೆಯ, ಸವೆದ ಅಳು.

"ಐತಿ," ಅಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದುವರಿಸಿದಳು: "ಅದು ಮೊದಲನೇ ಸಲ ನಕ್ಕದ್ದು ನಿಮಗ ಗೊತ್ತಿಲ್ಲ. ನೀವು ಊರಾಗ ಇರ್ಲಿಲ್ಲ. ಬುಟ್ಟಿ ತುಂಬ ಜ್ವಾಳದ ಹಿಟ್ಟು ಇಟ್ಟಿದ್ದೆ. ಹುಂಜ ಹಾರಿ ಬಂದು ಅದರಾಗ ಬಿತ್ತು. ಬೆಳ್ಳಗಾಗಿ ಎದ್ದು ಮೈ ಕೊಡವಿತು ನೋಡ್ರಿ, ಕೂಸು ಕಿಲಕಿಲ ನಕ್ಕಿತು. ನಾನೂ ನಕ್ಕೆ. ಹಿಟ್ಟು ಹೋತು ಅಂತ ನಿಮ್ಮವ್ವ ಬೈದ್ರು, ಆಮ್ಯಾಲೆ ಅವ್ರೂ ನಕ್ರು."

ರೇಷ್ಮಾ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದಳು. ಹುಂಜ ಎಲ್ಲೂ ಇರಲಿಲ್ಲ.

"ಇದನ್ನೂ ಸೇರ್ಸ್ಲೇನ್ರಿ ಅಜ್ಜಾರ?"

"ಬ್ಯಾಡ ತಂಗಿ. ಆಕಿ ಒಳಗ ಐತಿ. ಇಲ್ಲದ್ದು ನನ್ನೊಳಗ."

ಅಡಿವೆಪ್ಪ ಕಿಸೆಯಿಂದ ಪೆನ್ನು ತೆಗೆದ. ಹುಟ್ಟು, ಮದುವೆ, ಸಾವಲ್ಲದೆ ಬೇರೇನನ್ನೂ ಬರೆಯದ ಹೊತ್ತಗೆಯಲ್ಲಿ, ಕೂಸಿನ ಹೆಸರಿನ ಪಕ್ಕ ಉಳಿದಿದ್ದ ಬೆರಳಗಲ ಜಾಗದಲ್ಲಿ, ಅಕ್ಷರ ಒಂದೊಂದಾಗಿ ಕೂಡಿಸಿ ಬರೆದ: ಹಿಟ್ಟಿನ ಬುಟ್ಟಿ, ಹುಂಜ, ನಕ್ಕಿತು. ಮಸಿ ಆರಲೆಂದು ಬಾಯಿಂದ ಊದಿದ. ಆಮೇಲೆ ಗಂಟಲು ಸರಿಮಾಡಿಕೊಂಡು ನೀಲವ್ವನ ಹೆಸರು ಹೇಳಿ, ಹೆಂಡತಿಯ ಮುಖ ನೋಡುತ್ತ ಕುಳಿತ.